ಹೊಲದಾಗ ಒಂದು ಬ್ಯಾರೆ ಥರದ ಕಿನೋವಾ ಗಿಡ ಸಿಕ್ತು, ಇದು ಹೊಸ ತಳಿ ಆಗ್ತದೇನ್ರಿ?

ಪ್ರಶ್ನೆ ಆಳಂದ ತಾಲ್ಲೂಕಿನ ರೈತರೊಬ್ಬರದು. ಉದ್ದ ಇತ್ತು, ಸ್ವಲ್ಪ ಕಡಿಮಿ ಮಾಡಿ ಹಾಕೀನಿ:

"ಸರ್, ನಾವು ಹೆಸರು ಕಿತ್ತ ಮ್ಯಾಲ ಹಿಂಗಾರಿಗಿ ಕಿನೋವಾ ಹಾಕ್ತೀವಿ. ಬೀಜ ಅನಂತಪುರ ಕಡಿಂದ ಒಬ್ರು ತಂದುಕೊಟ್ಟಿದ್ರು. ಎರಡು ವರ್ಷದ ಹಿಂದ ಒಡ್ಡಿನ ಬಾಜೂಕ ಒಂದು ಗಿಡ ಸಿಕ್ತು, ತೆನಿ ಕೆಂಪು, ಉಳಿದವಕ್ಕಿಂತ ಗಿಡ್ಡ, ಹದಿನೈದು ದಿನ ಮೊದಲೇ ಮಾಗಿತ್ತು, ಕಾಳು ಬಾಯಾಗ ಹಾಕ್ಕೊಂಡ್ರ ಕಹಿನೇ ಇಲ್ಲ. ಅದರ ಬೀಜ ಬ್ಯಾರೆ ಇಟ್ಟು ಹ್ವಾದ ಹಿಂಗಾರಿ ನಾಲ್ಕು ಸಾಲು ಹಾಕಿದೆ. ಕಾಲು ಭಾಗ ಗಿಡ ಹಸಿರು ತೆನಿ ಬಂದ್ವು, ಹತ್ತರಾಗ ಒಂದೆರಡು ಗಿಡದ ಕಾಳು ಕಹಿ. ಇದು ಹೊಸ ತಳಿ ಹೌದೋ ಅಲ್ಲೋ? ಬೀಜದ ಏಜೆಂಟ್ ಒಬ್ರು ಎಲ್ಲಾ ನಮಗ ಕೊಡ್ರಿ ಅಂತ ಬೆನ್ನಹತ್ಯಾರ. 'ಆಳಂದ ಕೆಂಪು' ಅಂತ ಹೆಸರಿಟ್ಟು ನನ್ನ ಹೆಸರಿಲೆ ರಿಜಿಸ್ಟರ್ ಮಾಡಸಬೇಕಂತ ಆಸೆ ಅದ. ಏನ್ ಮಾಡಬೇಕು?"

ಸದ್ಯಕ್ಕ ಹೊಸ ತಳಿ ಅಲ್ರಿ. ಚಲೋ ಗಿಡ ಒಂದು ಸಿಕ್ಕದ ಅಷ್ಟೇ. ಆದ್ರ ನೀವು ಕಡೀಕ ಬರದ ಎರಡು ಮಾತು, ಕಾಲು ಭಾಗ ಹಸಿರು ಮತ್ತ ಹತ್ತರಾಗ ಒಂದೆರಡು ಕಹಿ, ಅವೆರಡು ಓದಿ ನನಗ ಭಾಳ ಖುಷಿ ಆತು, ಯಾಕಂದ್ರ ಬಹಳ ಮಂದಿ "ಬೆರಕಿ ಬಂತ್ರಿ" ಅಂತ ಬರದು ಕೈ ಬಿಡ್ತಾರ, ನೀವು ಗಿಡಗಿಡಕ್ಕ ನೋಡಿ ಲೆಕ್ಕ ಇಟ್ಟೀರಿ. ಆ ಲೆಕ್ಕದಾಗೇ ಅರ್ಧ ಉತ್ತರ ಅದ.

ಮೊದಲು ಕಹಿ ವಿಷಯ. ಕಿನೋವಾ ಕಾಳಿನ ಹೊರಗಿನ ಸಿಪ್ಪಿಯೊಳಗ ಸಪೋನಿನ್ ಅಂತ ಇರ್ತದ, ನೀರಾಗ ತಿಕ್ಕಿದ್ರ ಅಂಟವಾಳ ಕಾಯಿ ಹಂಗ ನೊರಿ ಬರ್ತದ, ಅದೇ ಕಹಿ. ಈ ಕಹಿ ಇರಬೇಕೋ ಬ್ಯಾಡೋ ಅನ್ನೋದು ಮುಖ್ಯವಾಗಿ ಒಂದೇ ಜೀನ್ ಮ್ಯಾಲ ನಿಂತದ. ಎಷ್ಟು ಕಹಿ ಅನ್ನೋದಕ್ಕ ಬ್ಯಾರೆ ಜೀನ್‌ಗೋಳೂ ಕೈ ಹಾಕ್ತಾವ, ಅದು ಇರ್ಲಿ. ಕಹಿ ಜೋರಿನ ಗುಣ, ಸಿಹಿ ಅಡಗಿ ಕೂಡೋ ಗುಣ. ತಂದಿ ಕಡಿಂದ ಒಂದು, ತಾಯಿ ಕಡಿಂದ ಒಂದು, ಎರಡೂ ಸಿಹಿನೇ ಬಂದ್ರ ಮಾತ್ರ ಆ ಗಿಡದ ಕಾಳು ಸಿಹಿ. ಸೌದಿ ಅರೇಬಿಯಾದ ಕಾಸ್ಟ್ ವಿಶ್ವವಿದ್ಯಾಲಯದವರ ಮುಂದಾಳತ್ವದಾಗ 2017ಕ್ಕ ಕಿನೋವಾದ ಪೂರ್ತಿ ಜೀನೋಮ್ ಪ್ರಕಟ ಆದಾಗ ಈ ಕಹಿ ಹಿಂದಿನ ಜೀನ್ ಯಾವುದು ಅಂತ ಸುದ್ದಾ ತೋರಿಸ್ಯಾರ. ಅಂದ್ರ ನಿಮ್ಮ ಒಡ್ಡಿನ ಗಿಡ ಸಿಹಿ ಇತ್ತು ಅಂದ್ರ ಅದರೊಳಗ ಕಹಿ ಜೀನ್ ಇರೋಕೇ ಸಾಧ್ಯ ಇಲ್ಲ. ತನ್ನ ಪರಾಗದಿಂದ ತಾನೇ ಕಾಳು ಕಟ್ಟಿದ್ರ ಮಕ್ಕಳೆಲ್ಲಾ ಸಿಹಿನೇ ಆಗಬೇಕು. ಹಂಗಾದ್ರ ಆ ಕಹಿ ಗಿಡ ಎಲ್ಲಿಂದ ಬಂದ್ವು? ಬಾಜೂಕಿನ ಕಹಿ ಗಿಡದ ಪರಾಗ ಗಾಳಿಲೆ ಬಂದು ಕೂತದ. ಹತ್ತರಾಗ ಒಂದೆರಡು ಅಂದ್ರ ಹತ್ತರಿಂದ ಇಪ್ಪತ್ತು ಪರ್ಸೆಂಟ್ ಆತು, ಕಿನೋವಾದಾಗ ಪರಕೀಯ ಪರಾಗಸ್ಪರ್ಶ ಸಾಧಾರಣ ಹತ್ತರಿಂದ ಹದಿನೇಳು ಪರ್ಸೆಂಟ್ ಅಂತ ಪುಸ್ತಕದಾಗ ಇರೋ ಲೆಕ್ಕಕ್ಕ ಸರಿಯಾಗಿ ಕೂಡ್ತದ. ಲ್ಯಾಬ್ ಇಲ್ಲದೇ, ಬರೇ ಬಾಯಿ ರುಚಿ ಮ್ಯಾಲ ನಿಮ್ಮ ಹೊಲದ ಬೆರಕಿ ಪ್ರಮಾಣ ನೀವೇ ಅಳದೀರಿ.

ಇಲ್ಲಿ ಒಂದು ಸೂಕ್ಷ್ಮ ಅದ, ಓದಿದವರೂ ಎಡವೋ ಜಾಗ ಇದು. ಕಾಳಿನ ಸಿಪ್ಪಿ ತಾಯಿ ಗಿಡದ್ದು, ಒಳಗಿನ ಮೊಳಕಿ ಮಾತ್ರ ಮುಂದಿನ ಪೀಳಿಗಿದು. ಅದಕ್ಕ ನಿಮ್ಮ ಸಿಹಿ ಗಿಡದ ಎಲ್ಲಾ ಕಾಳೂ ಸಿಹಿನೇ ಇದ್ವು, ಕಹಿ ಗಿಡದ ಪರಾಗ ಬಿದ್ದ ಕಾಳೂ ಸಿಹಿನೇ ಇತ್ತು, ಅದನ್ನ ಬಿತ್ತಿ ಗಿಡ ಆಗಿ ಅದು ತನ್ನ ಕಾಳು ಕೊಟ್ಟಾಗ ಮಾತ್ರ ಕಹಿ ಹೊರಗ ಬಂತು. ರುಚಿ ಯಾವಾಗಲೂ ಒಂದು ಪೀಳಿಗಿ ಹಿಂದ ಇರ್ತದ ಅಂತ ತಿಳ್ಕೊಳ್ರಿ. ಈ ವರ್ಷ ಕಾಳು ಕಚ್ಚಿ ನೋಡಿ "ಎಲ್ಲಾ ಸಿಹಿ, ಬೀಜ ಶುದ್ಧ ಅದ" ಅಂತ ಮಾರಿದ್ರ ಮುಂದಿನ ವರ್ಷ ತಗೊಂಡವ ಬಂದು ಜಗಳ ತಗೀತಾನ. ಕಾಳಿನ ಸಿಪ್ಪಿ ಬಣ್ಣದ್ದೂ ಇದೇ ಕಥಿ.

ಇನ್ನ ಕಾಲು ಭಾಗ ಹಸಿರು. ಕೆಂಪು ಬಣ್ಣ, ಬೀಟ್‌ರೂಟಿನೊಳಗ ಇರ್ತದಲ್ಲ ಅದೇ ಜಾತಿ ಬಣ್ಣ, ಹಸಿರಿನ ಮ್ಯಾಲ ಜೋರು ಮಾಡ್ತದ. ಮಕ್ಕಳೊಳಗ ಮೂರು ಪಾಲು ಕೆಂಪು ಒಂದು ಪಾಲು ಹಸಿರು ಬಂದ್ರ, ನಿಮ್ಮ ಮೂಲ ಗಿಡ ಮ್ಯಾಲ ನೋಡಾಕ ಕೆಂಪು, ಒಳಗ ಅರ್ಧ ಹಸಿರು. ಅಂದ್ರ ಆ ಗಿಡನೇ ಒಂದು ಬೆರಕಿ ಸಂತಾನ, ಅದರ ಹಿಂದಿನ ಪೀಳಿಗ್ಯಾಗ ಎಲ್ಲೋ ಕೆಂಪು ಹಸಿರು ಕೂಡ್ಯಾವ. ಲೆಕ್ಕ ಪಕ್ಕಾ ಆಗಬೇಕಂದ್ರ ಸಿಹಿ ಗಿಡಗಳೊಳಗ ಮಾತ್ರ ಕೆಂಪೆಷ್ಟು ಹಸಿರೆಷ್ಟು ಅಂತ ಎಣಿಸ್ರಿ, ಕಹಿ ಗಿಡ ಹೊರಗಿನವರ ಮಕ್ಕಳು, ಅವನ್ನ ಲೆಕ್ಕಕ್ಕ ತಗೋಬ್ಯಾಡ್ರಿ. ಮತ್ತ ಆ ನಾಲ್ಕು ಸಾಲು ಹಿಂದಿನ ವರ್ಷ ಕಿನೋವಾ ಇದ್ದ ಹೊಲದಾಗೇ ಹಾಕಿದ್ರೇನು? ಹಾಕಿದ್ರ ರಾಶಿ ಮಾಡುವಾಗ ಉದುರಿದ ಕಾಳು ತಾನೇ ಎದ್ದು ಸಾಲಿನ್ಯಾಗ ನಿಂತಿರ್ತಾವ, ಆಗ ಮ್ಯಾಲಿನ ಲೆಕ್ಕ ಎಲ್ಲಾ ಕೆಡ್ತದ. ಈ ಸಲ ಕಿನೋವಾ ಎಂದೂ ಬಿತ್ತದ ಜಾಗ ನೋಡ್ರಿ.

ಗಿಡ್ಡ ಮತ್ತ ಹದಿನೈದು ದಿನ ಮೊದಲು ಅನ್ನೋದನ್ನ ಮಾತ್ರ ನಾ ಈಗಲೇ ನಂಬೋದಿಲ್ಲ, ಬೇಸರ ಮಾಡ್ಕೋಬ್ಯಾಡ್ರಿ. ಗಿಡ ಒಡ್ಡಿನ ಬಾಜೂಕ ಇತ್ತು ಅಂದ್ರಿ. ನಮ್ಮ ಎರಿ ಹೊಲದಾಗ ಒಡ್ಡಿನ ಹತ್ರ ಮಣ್ಣಿನ ಆಳ ಬ್ಯಾರೆ, ತೇವ ಬ್ಯಾರೆ, ಎಲ್ಲೋ ಒಂದು ಕಡಿ ಕೆಳಗ ಮೊರಡಿ ಇರ್ತದ, ಅಲ್ಲಿ ಯಾವ ಗಿಡಾನೂ ನೀರಿಲ್ಲದೇ ಗಿಡ್ಡ ಆಗಿ ಲಗೂನೇ ಮಾಗ್ತದ, ಕಡ್ಲಿಯೊಳಗ ನೀವೇ ನೋಡಿರ್ತೀರಿ. ಬಣ್ಣ ಮತ್ತ ಕಹಿ ಜಾಗಕ್ಕ ಅಷ್ಟು ಬದಲಾಗೋದಿಲ್ಲ, ಎತ್ತರ ಮತ್ತ ದಿನ ಜಾಗಕ್ಕ ಭಾಳ ಬದಲಾಗ್ತಾವ, ಮತ್ತ ಅವು ಒಂದು ಜೀನಿನ ಕೈಯಾಗಿಲ್ಲ, ಸುಮಾರು ಜೀನ್ ಕೂಡಿ ಮಾಡೋ ಕೆಲಸ ಅದು. ಹ್ವಾದ ವರ್ಷದ ನಾಲ್ಕು ಸಾಲು ಬಾಜೂಕಿನ ಮೂಲ ಬೀಜದ ಸಾಲಿಗಿಂತ ಮೊದಲು ಮಾಗಿದ್ವೋ ಇಲ್ಲೋ ಅಂತ ನೀವು ಬರದಿಲ್ಲ. ಆ ಒಂದು ಮಾತು ನನಗ ಕೆಂಪು ಬಣ್ಣಕ್ಕಿಂತ ಹತ್ತು ಪಟ್ಟು ಮುಖ್ಯ.

ಯಾಕ ಅಂತ ಹೇಳ್ತೀನಿ. ಕಿನೋವಾ ಹೂ ಬಿಡೋ ಹೊತ್ತಿನ್ಯಾಗ ಬಿಸಿಲು 35 ಡಿಗ್ರಿ ದಾಟಿತು ಅಂದ್ರ ಪರಾಗ ಸಾಯ್ತದ, ತೆನಿ ದೊಡ್ಡದಿರ್ತದ, ತಿಕ್ಕಿದ್ರ ಬರೇ ಹೊಟ್ಟು. ಇದು ಬೊಲಿವಿಯಾ ಪೆರು ನಡುವಿನ ಟಿಟಿಕಾಕಾ ಸರೋವರದ ಸುತ್ತಿನ ಬೆಳಿ, ಸಮುದ್ರ ಮಟ್ಟಕ್ಕಿಂತ ಸುಮಾರು 3,800 ಮೀಟರ್ ಮ್ಯಾಲ, ಥಂಡಿಯೊಳಗ ಹುಟ್ಟಿ ಬೆಳದಿದ್ದು. ನಮ್ಮ ಕಲಬುರಗಿಯೊಳಗ ಫೆಬ್ರವರಿ ಕಡೀಕ ಏನ್ ಬಿಸಿಲಿರ್ತದ ಅಂತ ನಾ ಹೇಳಬೇಕಾಗಿಲ್ಲ. ದಸರಾ ಮುಗಿದು ದೀಪಾವಳಿ ಒಳಗ ಬಿತ್ತಿದವರಿಗಿ ನಡೀತದ, ಹಸಿ ಆರಲಿಲ್ಲ ಅಂತಲೋ ಆಳು ಸಿಗಲಿಲ್ಲ ಅಂತಲೋ ಡಿಸೆಂಬರಿಗಿ ಬಿತ್ತಿದವರಿಗಿ ಖರೇನೇ ಹದಿನೈದು ದಿನ ಮೊದಲು ಬರೋ ತಳಿ ಸಿಕ್ರ ಅದು ದೊಡ್ಡ ಮಾತು. ಬೀದರ್ ಗುಡ್ಡದ ಮ್ಯಾಲ ನಮಗಿಂತ ಎತ್ತರ, ಚಳಿ ಸ್ವಲ್ಪ ಹೆಚ್ಚು, ಅಲ್ಲಿ ಮಸಾರಿ ಮಣ್ಣು ಬಸಿದು ಹೋಗೋದರಿಂದ ಬೇರಿಗಿ ಕೊಳಿ ರೋಗ ಕಮ್ಮಿ, ನಿಮ್ಮ ಬೀಜ ಅಲ್ಲಿ ಒಬ್ಬರ ಹೊಲದಾಗ ಎರಡು ಸಾಲು ಹಾಕಿಸಿ ನೋಡಿದ್ರ ಚಲೋ. ಯಾದಗಿರಿ ಕಡಿ, ಶಹಾಪುರ ಸುರಪುರದ ಕೆನಾಲ್ ಕೆಳಗ ಸವುಳು ಬಿದ್ದ ಹೊಲ ಅವ, ಉಪ್ಪು ತಡಕೊಳ್ಳೋದ್ರಾಗ ಕಿನೋವಾ ಜ್ವಾಳ ಭತ್ತಕ್ಕಿಂತ ಎಷ್ಟೋ ಮುಂದ, ಅಲ್ಲಿ ಆರಿಸಿದ್ರ ಬ್ಯಾರೆನೇ ತಳಿ ಸಿಕ್ಕೀತು. ಕೆಂಪು ತೆನಿ ಅಂದ್ರ ಕೆಂಪು ಕಾಳಲ್ಲ ಅನ್ನೋದೂ ನೆಪ್ಪಿರ್ಲಿ, ತಿಕ್ಕಿ ತೂರಿದ ಮ್ಯಾಲ ನಿಮ್ಮ ಕಾಳು ಬಿಳಿನೇ ಇರ್ತದಂತ ಕಾಣ್ತದ, ಪ್ಯಾಟಿಯೊಳಗ ತೆನಿ ಬಣ್ಣಕ್ಕ ಯಾರೂ ರೊಕ್ಕ ಕೊಡೋದಿಲ್ಲ. ಸಿಹಿಗಿ ಕೊಡ್ತಾರ, ಯಾಕಂದ್ರ ಕಹಿ ತಗಿಯೋ ಪಾಲಿಶ್ ಖರ್ಚು ಉಳೀತದ. ಹಕ್ಕಿ ಕಾಟ ಮಾತ್ರ ಸಿಹಿ ತಳಿಗಿ ಜಾಸ್ತಿ, ಕಹಿನೇ ಅದರ ಬೇಲಿ ಆಗಿತ್ತು.

ಈಗ ಮಾಡೋ ಕೆಲಸ. ನಾಲ್ಕು ಸಾಲಿನ ಬೀಜ ಎಲ್ಲಾ ಕೂಡಿಸಿ ರಾಶಿ ಮಾಡೀರೋ ಅಥವಾ ಗಿಡಗಿಡದ ಬೀಜ ಬ್ಯಾರೆ ಬ್ಯಾರೆ ಇಟ್ಟೀರೋ? ಬ್ಯಾರೆ ಇಟ್ಟಿದ್ರ ಒಂದು ವರ್ಷ ಉಳೀತು. ಕೂಡಿಸಿದ್ರ ಈ ಹಿಂಗಾರಿ ಮತ್ತ ಬಿತ್ತಿ, ತೆನಿ ಬರೋ ಹೊತ್ತಿಗಿ ಚಲೋ ಕಾಣೋ ಗಿಡ ಒಂದು ಮೂವತ್ತು ನಲವತ್ತು ಗುರುತು ಹಾಕಿ, ಹೂ ಅರಳೋಕಿಂತ ಮೊದಲು ತೆನಿಗಿ ಕವರ್ ಹಾಕ್ರಿ. ಜ್ವಾಳದ ತಳಿ ಮಾಡೋರು ತೆನಿಗಿ ಹಾಕ್ತಾರಲ್ಲ ಕಂದು ಕಾಗದದ ಕವರ್, ಅದೇ ಸಾಕು. ಸೊಳ್ಳಿ ಪರದಿ ಬಟ್ಟಿ ನಡಿಯೋದಿಲ್ಲ, ಪರಾಗ ಅದರ ತೂತಿನ್ಯಾಗ ಆರಾಮ ಹೋಗ್ತದ. ಕವರಿನ ಬಾಯಿ ಕಟ್ಟುವಾಗ ದಂಟಿನ ಸುತ್ತ ಸ್ವಲ್ಪ ಹತ್ತಿ ಇಟ್ಟು ಕಟ್ಟಿ, ಇಲ್ಲಂದ್ರ ಹೇನು ಒಳಗ ಹೊಕ್ಕು ಅಲ್ಲೇ ಸಂಸಾರ ಮಾಡ್ತಾವ, ವಾರಕ್ಕೊಮ್ಮೆ ತಗದು ನೋಡ್ರಿ. ಕಾಳು ಕಟ್ಟಿದ ಮ್ಯಾಲ ಕವರ್ ತಗದು ಬಿಡ್ರಿ, ಒಳಗ ಬೂಸ್ಟು ಬರ್ತದ.

ಈ ಕವರ್ ಯಾಕ ಇಷ್ಟು ಮುಖ್ಯ ಅಂದ್ರ ಕಿನೋವಾ ತೆನಿಯೊಳಗ ಎರಡು ಥರ ಹೂ ಇರ್ತಾವ, ಗಂಡು ಹೆಣ್ಣು ಎರಡೂ ಕೂಡಿದ್ದು ಒಂದು, ಬರೇ ಹೆಣ್ಣು ಒಂದು. ಬರೇ ಹೆಣ್ಣು ಹೂವಿಗಿ ಪರಾಗ ಹೊರಗಿಂದೇ ಬರಬೇಕು, ತನ್ನ ತೆನಿಯ ಬಾಜೂ ಹೂವಿಂದ ಬಂದ್ರ ಸರಿ, ಬಾಜೂ ಗಿಡದಿಂದ ಬಂದ್ರ ಬೆರಕಿ. ತೊಗರ್ಯಾಗ ಜೇನು ಈ ಕೆಲಸ ಮಾಡ್ತದ, ಅದಕ್ಕೇ ಟಿಎಸ್-3ಆರ್ ತೊಗರಿ ತಳಿ ಬೀಜ ಮೂರು ನಾಲ್ಕು ವರ್ಷ ಮನ್ಯಾಗಿಂದೇ ಹಾಕಿದ್ರ ಬ್ಯಾರೆ ಬ್ಯಾರೆ ಥರ ಗಿಡ ಕಾಣಾಕ ಶುರು ಆಗ್ತಾವ. ಇಲ್ಲಿ ಗಾಳಿ ಮಾಡ್ತದ.

ಕವರಿನೊಳಗಿನ ಒಂದೊಂದು ಗಿಡದ ಬೀಜ ಒಂದೊಂದು ಪಾಕೀಟಿನ್ಯಾಗ. ಕಚ್ಚಿ ನೋಡ್ರಿ, ಉಗಳ್ರಿ, ಕಹಿ ಇದ್ದದ್ದು ಒಗೀರಿ. ಬಾಯಿ ಮ್ಯಾಲ ನಂಬಿಕಿ ಇಲ್ಲ ಅಂದ್ರ ಅರ್ಧ ಗ್ರಾಂ ಕಾಳು, ಐದು ಎಂಎಲ್ ನೀರು, ಸಣ್ಣ ಗಾಜಿನ ಟ್ಯೂಬು, ಮೂವತ್ತು ಸೆಕೆಂಡ್ ಜೋರಾಗಿ ಅಲುಗಾಡಿಸಿ ನೊರಿ ಎಷ್ಟು ಎತ್ತರ ನಿಲ್ತದ ಅಂತ ಸ್ಕೇಲ್ ಹಿಡೀರಿ, ಬಾಜೂಕ ಗೊತ್ತಿದ್ದ ಕಹಿ ಕಾಳಿನ ಟ್ಯೂಬೂ ಇರ್ಲಿ. ಸಪೋನಿನ್ ಶೇಕಡಾ 0.11ಕ್ಕಿಂತ ಕಮ್ಮಿ ಇದ್ರ ಅದಕ್ಕ ಸಿಹಿ ಕಿನೋವಾ ಅಂತಾರ. ಅಂಗಡಿಯಿಂದ ತಂದ ಪಾಕೀಟಿನ ಕಾಳು ಇದರಾಗ ಹೋಲಿಕಿಗಿ ಇಡಬ್ಯಾಡ್ರಿ, ಅದು ತೊಳದು ಪಾಲಿಶ್ ಮಾಡಿದ್ದು, ಕಹಿ ತಳಿನೂ ಸಿಹಿ ಅನಸ್ತದ.

ಮುಂದಿನ ಹಿಂಗಾರಿ ಒಂದೊಂದು ಪಾಕೀಟಿಗಿ ಒಂದೊಂದು ಸಾಲು. ಹಸಿರು ತೆನಿ ಸಿಹಿ ಕಾಳಿನ ಗಿಡದ ಸಾಲು ಬಣ್ಣ ರುಚಿ ಎರಡರಾಗೂ ಆಗಲೇ ನಿಂತಿರ್ತದ, ಯಾಕಂದ್ರ ಹಸಿರೂ ಅಡಗೋ ಗುಣ, ಸಿಹಿನೂ ಅಡಗೋ ಗುಣ, ಕಂಡವು ಅಂದ್ರ ಒಳಗ ಮತ್ತೇನೂ ಇಲ್ಲ. ಕೆಂಪಿನ ಸಾಲು ಹಂಗಲ್ಲ. ಮೂರು ಕೆಂಪು ಗಿಡದಾಗ ಒಂದರ ಸಾಲು ಪೂರ್ತಿ ಕೆಂಪು ಬರ್ತದ, ಉಳಿದೆರಡರ ಸಾಲಿನ್ಯಾಗ ಮತ್ತ ಕಾಲು ಭಾಗ ಹಸಿರು. ಪೂರ್ತಿ ಕೆಂಪು ಬಂದ ಸಾಲಷ್ಟೇ ಇಟ್ಕೊಳ್ರಿ. ನಿಮಗ ಕೆಂಪಿನ ಮ್ಯಾಲ ಮನಸಿದ್ರ ಇದೇ ದಾರಿ, ಬಣ್ಣದ ಹಟ ಬಿಟ್ರ ಹಸಿರು ಸಾಲು ಒಂದು ವರ್ಷ ಮುಂದ ಇರ್ತದ. ನಾ ಆಗಿದ್ರ ಎರಡೂ ಇಟ್ಟು, ಯಾವುದು ಮೊದಲು ಮಾಗ್ತದೋ ಅದರ ಹಿಂದ ಹೋಗ್ತಿದ್ದೆ.

ಎತ್ತರ, ಮಾಗೋ ದಿನ, ಕಾಳಿನ ಗಾತ್ರ, ಇವು ನಿಲ್ಲಾಕ ಟೈಮ್ ಬೇಕು. ಸ್ವಕೀಯ ಪರಾಗಸ್ಪರ್ಶ ಆದ ಪ್ರತಿ ಪೀಳಿಗಿಗಿ ಒಳಗಿನ ಬೆರಕಿ ಅರ್ಧ ಅರ್ಧ ಆಗ್ತಾ ಹೋಗ್ತದ, ಐವತ್ತು ಪರ್ಸೆಂಟ್ ಇದ್ದದ್ದು ಇಪ್ಪತ್ತೈದು, ಹನ್ನೆರಡೂವರೆ, ಆರು ಕಾಲು, ಮೂರು. ಅಲ್ಲಿಗಿ ಬಂದ್ರ ಕಣ್ಣಿಗಿ ಒಂದೇ ಥರ ಕಾಣ್ತದ. ನಮ್ಮ ಕಡಿ ವರ್ಷಕ್ಕ ಒಂದೇ ಬೆಳಿ, ಬ್ಯಾಸಗಿ ಬಿಸಿಲು ನಡಿಯೋದಿಲ್ಲ, ಮುಂಗಾರಿಗಿ ಹಾಕಿದ್ರ ಮಳಿಯೊಳಗ ತೆನಿ ಮ್ಯಾಲೇ ಕಾಳು ಮೊಳಕಿ ಒಡೀತಾವ, ಈ ಬೀಜಕ್ಕ ನಿದ್ದಿ ಅವಧಿ ಅಂತ ಹೆಚ್ಚೇನೂ ಇಲ್ಲ. ಲೆಕ್ಕ ಹಾಕ್ರಿ, ಇನ್ನ ನಾಲ್ಕೈದು ಹಿಂಗಾರಿ. ಹಿಂಗ ಆರಿಸಿ ತಳಿ ಮಾಡೋದು ಹಳ್ಳಿ ಮಂದಿ ಕೆಲಸ ಅಂತ ತಿಳೀಬ್ಯಾಡ್ರಿ, ನಾವು ಇವತ್ತಿಗೂ ತಿನ್ನೋ ಬಿಳಿ ಜ್ವಾಳದ ಎಂ 35-1 ಬಂದದ್ದೇ ಹಿಂಗ, ರೈತರ ಮಾಲದಂಡಿ ಜ್ವಾಳದೊಳಗಿಂದ ಸೊಲ್ಲಾಪುರ ಕಡಿ ಮೊಹೋಳದಾಗ ಒಂಟಿ ಗಿಡ ಆರಿಸಿ ತಗದಿದ್ದು.

ಕ್ರಾಸ್ ಮಾಡಬೇಕಂತ ಅನ್ನೋರಿಗಿ ಒಂದೆರಡು ಮಾತು. ಹೂ ಎರಡು ಮೂರು ಮಿಲಿಮೀಟರ್, ಒಂದು ಗೊಂಚಲಿನ್ಯಾಗ ಹತ್ತಾರು, ಚಿಮಟದಿಂದ ಗಂಡು ಭಾಗ ಕೀಳೋದು ಕಣ್ಣು ಹೋಗೋ ಕೆಲಸ. ಕೆಲವರು ತೆನಿನ 45 ಡಿಗ್ರಿ ಬಿಸಿನೀರಾಗ ಹತ್ತು ನಿಮಿಷ ಅದ್ದಿ ಪರಾಗ ಸಾಯಿಸ್ತಾರ. ಅದಕ್ಕಿಂತ ಸರಳ ಅಂದ್ರ ಹಸಿರು ಗಿಡ ತಾಯಿ, ಕೆಂಪು ಗಿಡ ತಂದಿ ಮಾಡಿ ಎರಡೂ ತೆನಿ ಒಂದೇ ಕವರಿನ್ಯಾಗ ಕಟ್ಟಿ ಬಿಡೋದು, ತಾಯಿ ಗಿಡದ ಬೀಜ ಬಿತ್ತಿ ಸಸಿ ಎದ್ದಾಗ ಬುಡ ಕೆಂಪಿದ್ದವು ಕ್ರಾಸ್ ಆದವು, ಹಸಿರಿದ್ದವು ಸ್ವಂತದ್ದು. ಬೊಲಿವಿಯಾದಾಗ ಗಾಂದಾರಿಯಾಸ್ ಅನ್ನೋ ತಜ್ಞರು 1960ರ ದಶಕದಾಗ ದಪ್ಪ ಕಾಳಿನ ಕಹಿ ಕಿನೋವಾ ಮತ್ತ ಸಿಹಿ ಕಿನೋವಾ ಕೂಡಿಸಿ ಸಾಹಾಮಾ ಅಂತ ಸಿಹಿ ತಳಿ ಮಾಡಿದ್ರು.

ಇನ್ನ ರಿಜಿಸ್ಟರ್ ಮಾಡಸಬೇಕಂದ್ರ ಇದು ಬ್ಯಾರೆ ತಳಿ ಅಂತ ತೋರ್ಸೋದು ಹ್ಯಾಂಗ. ತಳಿ ನೋಂದಣಿ ಕಾಯ್ದೆಯೊಳಗ ಮೂರು ಪರೀಕ್ಷಿ ಕೇಳ್ತಾರ, ಡಿಯುಎಸ್ ಅಂತಾರ: ಗೊತ್ತಿದ್ದ ಎಲ್ಲಾ ತಳಿಗಿಂತ ಒಂದಾದ್ರೂ ಮುಖ್ಯ ಗುಣದಾಗ ಸ್ಪಷ್ಟ ಬ್ಯಾರೆ ಇರಬೇಕು, ಗಿಡಗಿಡಕ್ಕ ಒಂದೇ ಥರ ಇರಬೇಕು, ವರ್ಷವರ್ಷಕ್ಕ ಹಂಗೇ ಉಳೀಬೇಕು. ನೀವು ಇಲ್ಲೀತನಕ ಹಿಡಿದಿದ್ದು ಮೊದಲನೇದಷ್ಟೇ, ಅದೂ ನಿಮ್ಮ ಸ್ವಂತ ಹೊಲದ ಬೆಳಿಗಿಂತ ಬ್ಯಾರೆ ಅಂತ. ಹೋಲಿಕಿ ಯಾವುದರ ಜೋಡಿ ಅನ್ನೋದೇ ಇಲ್ಲಿ ಆಟ. ಅನಂತಪುರದಿಂದ ಬಂದ ಮೂಲ ಬೀಜ ಒಂದು ಸಾಲು, ನಮ್ಮ ದೇಶದಾಗ ಬಿಡುಗಡಿ ಆದ ಹಿಮಶಕ್ತಿ ಒಂದು ಸಾಲು (2021ರ ಸೆಪ್ಟೆಂಬರ್ 28ಕ್ಕ ಪ್ರಧಾನಿಯವರು ಬಿಡುಗಡಿ ಮಾಡಿದ 35 ತಳಿಯೊಳಗ ಕಿನೋವಾನೂ ಇತ್ತು), ಸುತ್ತಮುತ್ತ ರೈತರು ಹಾಕೋ ಬ್ಯಾರೆ ಬೀಜ ಸಿಕ್ರ ಅದೂ ಒಂದೊಂದು ಸಾಲು, ನಡಕ ನಿಮ್ಮದು. ಒಂದೇ ದಿನ ಬಿತ್ತಿ, ಒಂದೇ ದಿನ ನೋಡಿ, ಮೂರು ಕಡಿ ತಿರುಗಿಸಿ ಹಾಕಿ.

ಏನೇನು ನೋಡಬೇಕಂದ್ರ ಬಯೋವರ್ಸಿಟಿ ಅನ್ನೋ ಸಂಶೋಧನಾ ಸಂಸ್ಥೆ ಮತ್ತ ವಿಶ್ವಸಂಸ್ಥೆಯ ಆಹಾರ ಕೃಷಿ ಸಂಸ್ಥೆ ಎಫ್ಎಒ ಸೇರಿ 2013ಕ್ಕ, ಅದು ವಿಶ್ವಸಂಸ್ಥೆ ಕಿನೋವಾ ವರ್ಷ ಅಂತ ಮಾಡಿದ ವರ್ಷ, ಒಂದು ಗುಣಲಕ್ಷಣ ಪಟ್ಟಿ ತಂದಾರ, ಅದನ್ನ ಹಿಡ್ಕೊಂಡು ಕೂಡ್ರಿ. ದಂಟಿನ ಮ್ಯಾಲ ಪಟ್ಟಿ ಅದಾವೋ ಇಲ್ಲೋ, ಪಟ್ಟಿ ಬಣ್ಣ ಏನು, ಟೊಂಗಿ ಒಡಿಯೋ ಸಂದಿಯೊಳಗ ಕೆಂಪು ಚುಕ್ಕಿ ಅದನೋ, ಕೆಳಗಿನ ಎಲಿ ಅಂಚಿಗಿ ಹಲ್ಲು ಎಷ್ಟು, ಟೊಂಗಿ ಬುಡದಿಂದ ಬರ್ತಾವೋ ಮ್ಯಾಲಿಂದೋ, ತೆನಿ ಉಂಡಿ ಉಂಡಿ ಕೂಡಿದ್ದೋ ರಾಜಗಿರಿ ತೆನಿ ಥರ ಬೆರಳು ಬಿಟ್ಟದ್ದೋ, ಬಿಗಿನೋ ಸಡಲೋ, ಹೂ ಬಿಡುವಾಗ ತೆನಿ ಬಣ್ಣ ಏನು ಮಾಗಿದಾಗ ಏನು, ಅರ್ಧ ಗಿಡ ಹೂ ಬಿಟ್ಟಿದ್ದು ಎಷ್ಟನೇ ದಿನಕ್ಕ, ಕಾಳಿನ ಆಕಾರ, ಅಡ್ಡಗಲ, ಸಾವಿರ ಕಾಳಿನ ತೂಕ, ಸಪೋನಿನ್. ಇದರಾಗ ನಾ ಹೆಚ್ಚು ಭರವಸಿ ಇಡೋದು ಸಂದಿಯ ಚುಕ್ಕಿ, ತೆನಿ ಆಕಾರ ಮತ್ತ ಸಪೋನಿನ್ ಮ್ಯಾಲ. ತೆನಿ ಕೆಂಪಿನ ಗಾಢ ಭಾಳ ಮೋಸ ಮಾಡ್ತದ, ಚಳಿ ಬಿದ್ರ ಕೆಂಪೇರ್ತದ, ಗೊಬ್ಬರ ಕಮ್ಮಿ ಆದ್ರ ಕೆಂಪೇರ್ತದ, ಬೀದರಿನ್ಯಾಗ ನೋಡಿದ ಕೆಂಪು ಜೇವರ್ಗಿಯೊಳಗ ಗುಲಾಬಿ ಆಗಬಹುದು. ಫೋಟೋ ತಗದ್ರ ಪಕ್ಕದ ಸಾಲೂ ಅದೇ ಫೋಟೋದಾಗ ಬರಬೇಕು, ಮೊಬೈಲ್ ತಾನೇ ಬಣ್ಣ ತಿದ್ದುಬಿಡ್ತದ. ಡಿಎನ್ಎ ಟೆಸ್ಟ್ ಬಗ್ಗೆ ಮಂದಿ ಕೇಳ್ತಾರ, ಅದು ಜೋಡಿಗಿ ಸಾಕ್ಷಿ ಹೇಳೋಕೆ ಬರ್ತದ, ಹೊಲದಾಗ ಕಣ್ಣಿಗಿ ಕಾಣೋ ವ್ಯತ್ಯಾಸ ಇಲ್ಲದೇ ಅದೊಂದರ ಮ್ಯಾಲ ತಳಿ ನಿಲ್ಲೋದಿಲ್ಲ.

ಮತ್ತೊಂದು ಕಿರಿಕಿರಿ, ಹಿಂಗಾರ್ಯಾಗ ತಾನೇ ಏಳೋ ಚಕ್ಕೋತ, ಹಿಂದಿಯೊಳಗ ಬಥುವಾ ಅಂತಾರ, ಅದು ಕಿನೋವಾದ ದಾಯಾದಿನೇ. ಸಸಿ ಇದ್ದಾಗ ಗುರುತೇ ಸಿಗೋದಿಲ್ಲ, ಕಸ ತಗಿಯೋ ಹೆಣ್ಣಾಳುಗೋಳು ಕಿನೋವಾ ಕಿತ್ತು ಚಕ್ಕೋತ ಬಿಟ್ಟಿದ್ದೂ ಅದ. ಸಾಲಿನ್ಯಾಗ ಕೂರಿಗಿಲೆ ಬಿತ್ತಿದ್ರ ಸಾಲು ಬಿಟ್ಟು ಎದ್ದದ್ದನ್ನೆಲ್ಲಾ ಕಸ ಅಂತ ಕೀಳಬಹುದು. ರಾಶಿಯೊಳಗ ಸಣ್ಣ ಕರಿ ಹೊಳಪಿನ ಕಾಳು ಬಂದ್ರ ಅದರದು, "ಕರಿ ಕಾಳಿನ ಹೊಸ ಕಿನೋವಾ" ಅಂತ ಹಿಡ್ಕೊಂಡು ಕೂಡಬ್ಯಾಡ್ರಿ. ಕಿನೋವಾಕ್ಕ 36 ಕ್ರೋಮೋಸೋಮ್, ಚಕ್ಕೋತದಾಗ 18, 36, 54 ಮೂರೂ ಥರ ಸಿಗ್ತಾವ, ಕೂಡೋದು ಸುಲಭ ಇಲ್ಲ, ಆದ್ರ ಕಿನೋವಾದ ಬೂಜು ರೋಗ ಇದರ ಮ್ಯಾಲೂ ಉಳೀತದ, ಅದಕ್ಕಾದ್ರೂ ಒಡ್ಡಿನ ಮ್ಯಾಲಿಂದು ತಗೀರಿ. ಪಲ್ಯ ಮಾಡಿದ್ರಾತು.

ಈಗ ಏಜೆಂಟ್ ವಿಷಯ. ಕೊಡಬ್ಯಾಡ್ರಿ, ಸದ್ಯಕ್ಕಂತೂ ಬ್ಯಾಡ. ನಮ್ಮ ದೇಶದಾಗ ಗಿಡ, ಬೀಜ, ತಳಿಗೆ ಪೇಟೆಂಟ್ ಇಲ್ಲ, ಪೇಟೆಂಟ್ ಕಾಯ್ದೆಯ 3(ಜೆ) ಕಲಂ ಅದನ್ನ ಹೊರಗಿಟ್ಟದ. ಅದರ ಬದಲಿ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅದ. ಹೊಸ ತಳಿ ಅಂತ ಅರ್ಜಿ ಹಾಕಬೇಕಂದ್ರ ಡಿಯುಎಸ್ ಜೋಡಿ ಹೊಸತನ ಅಂತ ನಾಲ್ಕನೇದು ಒಂದು ಕೇಳ್ತಾರ, ಅರ್ಜಿ ಹಾಕೋ ದಿನಕ್ಕ ಅದರ ಬೀಜ ಆಗ್ಲಿ ಫಸಲಾಗ್ಲಿ ನಮ್ಮ ದೇಶದಾಗ ನಿಮ್ಮ ಒಪ್ಪಿಗಿಲೆ ಮಾರಾಕ ಶುರು ಮಾಡಿ ಒಂದು ವರ್ಷ ದಾಟಿರಬಾರದು. ಇವತ್ತು ಏಜೆಂಟಿಗಿ ಕೊಟ್ರಿ ಅಂದ್ರ ಗಡಿಯಾರ ಇವತ್ತೇ ಶುರು, ನಿಮ್ಮ ತಳಿ ನಿಲ್ಲಾಕ ಇನ್ನ ನಾಲ್ಕು ವರ್ಷ ಬೇಕು, ಲೆಕ್ಕ ನೀವೇ ಮಾಡ್ರಿ. ಮತ್ತ ಅವರು ಅದೇ ಬೀಜ ತಗೊಂಡು ಹೋಗಿ ತಾವೇ ಸಾಲು ಹಾಕಿ ಶುದ್ಧ ಮಾಡಿದ್ರ ಅದು ನಿಮ್ಮದು ಅಂತ ತೋರ್ಸಾಕ ನಿಮ್ಮ ಕೈಯಾಗ ಏನದ? ಅದಕ್ಕ ಒಂದು ನೋಟ್‌ಬುಕ್ ಇಡ್ರಿ, ಬಿತ್ತಿದ ದಿನ, ಸಾಲಿನ ನಂಬರ್, ಯಾವ ಗಿಡದಿಂದ ಯಾವ ಸಾಲು ಬಂತು, ಫೋಟೋ, ಎಲ್ಲಾ. ಕೃಷಿ ವಿಜ್ಞಾನ ಕೇಂದ್ರದವರನ್ನ ತೆನಿ ಇದ್ದಾಗ ಒಮ್ಮೆ ಕರೆದು ತೋರ್ಸಿ, ಅವರ ಭೇಟಿ ದಾಖಲೆ ಆಗಲಿ.

ರೈತರ ತಳಿ ಅಂತ ಬ್ಯಾರೆ ವರ್ಗನೂ ಅದ, ಅದಕ್ಕ ಈ ಹೊಸತನದ ಷರತ್ತು ಬೀಳೋದಿಲ್ಲ, ರೈತರಿಗಿ ಈ ಕಾಯ್ದೆ ನಡಸೋ ಪ್ರಾಧಿಕಾರದ ಫೀ ಮಾಫಿ. ಪ್ರಾಧಿಕಾರದ ಮುಖ್ಯ ಕಚೇರಿ ದಿಲ್ಲಿಯೊಳಗ, ನಮ್ಮ ರಾಜ್ಯದಾಗ ಶಿವಮೊಗ್ಗದಾಗ ಶಾಖೆ ಅದ, ಅರ್ಜಿಗಿ ಮೊದಲು ಅವರು ಅಧಿಸೂಚನೆ ಮಾಡಿದ ಬೆಳಿ ಪಟ್ಟಿ ತರಿಸಿ ನೋಡ್ಕೊಳ್ರಿ, ಪಟ್ಟಿಯೊಳಗಿನ ಬೆಳಿಗಷ್ಟೇ ನೋಂದಣಿ. ಹೊಲದ ಬೆಳಿಗಿ ಹಕ್ಕು ಹೆಚ್ಚಂದ್ರ 15 ವರ್ಷ, ಮೊದಲು ಆರು ವರ್ಷಕ್ಕ ಕೊಟ್ಟು ಆಮ್ಯಾಲ ನವೀಕರಣ. ಹಕ್ಕು ಸಿಕ್ಕ ಮ್ಯಾಲೂ ನಿಮ್ಮ ಓಣಿಯ ರೈತರು ಅದರ ಬೀಜ ಉಳಿಸಿ ಬಿತ್ತಿದ್ರ, ಒಬ್ಬರಿಗೊಬ್ಬರು ಕೊಟ್ಕೊಂಡ್ರ ತಡಿಯಾಕ ಬರೋದಿಲ್ಲ, ಬ್ರ್ಯಾಂಡ್ ಹಚ್ಚಿ ಮಾರೋದಷ್ಟೇ ಅವರಿಗಿಲ್ಲ. ಇದು ಚಲೋನೇ ಅಂತ ನನ್ನ ಅಭಿಪ್ರಾಯ.

ಅರ್ಜಿಯೊಳಗ ಮೂಲ ಬೀಜ ಕಾನೂನು ಪ್ರಕಾರ ಪಡದೀನಿ ಅಂತ ಬರದು ಕೊಡಬೇಕಾಗ್ತದ, ಹಂಗಾಗಿ ಅನಂತಪುರದವರು ಅದನ್ನ ಎಲ್ಲಿಂದ ತಂದ್ರು ಅಂತ ಈಗಲೇ ಕೇಳಿ ಬರದಿಟ್ಕೊಳ್ರಿ. ಆಂಧ್ರದಾಗ ಪ್ರಾಜೆಕ್ಟ್ ಅನಂತ ಅಂತ ಸರ್ಕಾರಿ ಯೋಜನೆಯೊಳಗ ಅಲ್ಲಿ ಕಿನೋವಾ ಹಾಕ್ಸಿದ್ರು, ಅಲ್ಲಿಂದ ಬಂದದ್ದಿದ್ರ ಗುರುತು ಸಿಗಬಹುದು. ಮತ್ತ ದಯಮಾಡಿ ಯಾರೂ ಆನ್‌ಲೈನಿನ್ಯಾಗ ಪೆರು ಬೀಜ ಬೊಲಿವಿಯಾ ಬೀಜ ಅಂತ ಅಂಚೆಲೆ ತರಿಸಬ್ಯಾಡ್ರಿ, ಹೊರದೇಶದ ಬೀಜ ಪರ್ಮಿಟ್ ಇಲ್ಲದೇ, ಕ್ವಾರಂಟೈನ್ ಇಲ್ಲದೇ ಒಳಗ ತರೋದು ಕಾನೂನಿಗಿ ವಿರುದ್ಧ. ಮೂಲ ಯಾರದು ಅನ್ನೋ ಪ್ರಶ್ನಿ ಎಷ್ಟು ದೂರ ಹೋಗ್ತದ ಅನ್ನೋಕೆ ಕಿನೋವಾದ್ದೇ ಒಂದು ಪ್ರಸಂಗ ಅದ. ಅಮೆರಿಕದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅಪೆಲಾವಾ ಅನ್ನೋ ಬೊಲಿವಿಯಾ ಕಿನೋವಾದ ಗಂಡು ಬಂಜೆ ಗಿಡದ (ಪರಾಗ ಕಟ್ಟದ ಗಿಡ) ಮ್ಯಾಲ, ಅದರಿಂದ ಮಾಡೋ ಹೈಬ್ರಿಡ್ ಮ್ಯಾಲ 1994ಕ್ಕ ಅಮೆರಿಕದ ಪೇಟೆಂಟ್ ತಗೊಂಡ್ರು, ಬೊಲಿವಿಯಾದ ಕಿನೋವಾ ರೈತರ ಸಂಘ ಎದ್ದು ನಿಂತು ಜಗಳ ತಗೀತು, 1998ಕ್ಕ ಆ ಪೇಟೆಂಟ್ ಕೈ ಬಿಟ್ರು.

ಹೆಸರು ಬದಲಿ ಮಾಡ್ರಿ. ಊರಿನ ಹೆಸರು ಇರೋ ತಳಿ ಹೆಸರಿಗಿ ಕಾಯ್ದೆಯ 17ನೇ ಕಲಂನ್ಯಾಗ ತೊಡಕದ, ಬರೇ ನಂಬರ್ ಇಟ್ರೂ ನಡಿಯೋದಿಲ್ಲ. ಕೆಂಪು ಅಂತ ಇಟ್ಟು ಕಡೀಕ ಹಸಿರು ಸಾಲೇ ಗೆದ್ರ ಮತ್ತೊಂದು ಫಜೀತಿ. ಹೆಸರು ಇನ್ನ ಮೂರು ವರ್ಷ ತಡೀಲಿ.

ಬಿತ್ತೋ ತನಕ ಬೀಜ ಕಾಯೋದು ಒಂದು ಕೆಲಸ ಅದ. ಕಿನೋವಾ ಬೀಜ ಮಳಿಗಾಲದ ತೇವಕ್ಕ ಲಗೂನೇ ಮೊಳಕಿ ಶಕ್ತಿ ಕಳ್ಕೊಳ್ತದ, ಗೋಣಿಚೀಲದಾಗ ಇಟ್ಟು ದಸರಾಕ್ಕ ತಗದ್ರ ಅರ್ಧನೂ ಏಳೋದಿಲ್ಲ. ನೆರಳಾಗ ಗರಿಗರಿ ಒಣಗಿಸಿ ಮುಚ್ಚಳ ಬಿಗಿ ಇರೋ ಸ್ಟೀಲ್ ಡಬ್ಬಿಯೊಳಗ ಹಾಕಿ, ಅರ್ಧ ನಿಮ್ಮನ್ಯಾಗ ಅರ್ಧ ಬ್ಯಾರೆ ಯಾರಾದ್ರೂ ನಂಬಿಕಸ್ತರ ಮನ್ಯಾಗ ಇಡ್ರಿ. ಬಿತ್ತೋ ಹದಿನೈದು ದಿನ ಮೊದಲು ನೂರು ಕಾಳು ಹಸಿ ಬಟ್ಟಿಯೊಳಗ ಕಟ್ಟಿಟ್ರ ಎರಡು ಮೂರು ದಿನದಾಗ ಎಷ್ಟು ಎದ್ದಾವ ಅಂತ ಗೊತ್ತಾಗ್ತದ. ಸುತ್ತ ನೂರಿನ್ನೂರು ಮೀಟರ್ ಬ್ಯಾರೆ ಕಿನೋವಾ ಇಲ್ಲದ ಜಾಗ ಹುಡುಕ್ರಿ, ತೊಗರಿ ನಡಕ ಒಂದು ಪಟ್ಟಿ ಖಾಲಿ ಇದ್ರ ಭಾಳ ಚಲೋ, ಗಾಳಿಗೂ ತಡಿ ಆಗ್ತದ. ಮೂಲ ಬೀಜದ ಒಂದು ಸಾಲು ಪಕ್ಕಕ್ಕ ಹಾಕ್ತೀರಲ್ಲ, ಅದರ ತೆನಿ ಹೂ ಬಿಡೋ ಮೊದಲು ಅವಕ್ಕೂ ಕವರ್ ಕಟ್ರಿ, ಇಲ್ಲಂದ್ರ ಅದರ ಪರಾಗನೇ ನಿಮ್ಮ ಸಾಲಿಗಿ ಬಂದು ಕೂಡ್ತದ. ಮೊದಲ ಹೂ ಯಾವ ಸಾಲಿನ್ಯಾಗ ಯಾವ ತಾರೀಖಿಗಿ ಬಂತು ಅಂತ ಬರದು ಕಳಸ್ರಿ, ಎರಡೂ ಸಾಲಿದ್ದು.